ಪರದೆಯ ಮುಂದೆ ನಮ್ಮ ಮಕ್ಕಳ ಕುಣಿತ: ನೃತ್ಯ, ಸಿನಿಮಾ, ರಂಗಪ್ರಯೋಗಗಳ ನಂಟು ಎಲ್ಲಿಗೆ ಬಂತು?



ಇತ್ತೀಚೆಗೆ ಬ್ರಿಟನ್ನಿನ ಯಾವುದಾದರೂ ಊರಿನ ಕನ್ನಡ ಕೂಟದ ಯುಗಾದಿ ಅಥವಾ ದೀಪಾವಳಿ ಕಾರ್ಯಕ್ರಮಕ್ಕೆ ಹೋಗಿದ್ದೀರಾ? ವೇದಿಕೆಯ ಹಿಂದೆ ಮೊದಲು ಬಟ್ಟೆಯ ಬ್ಯಾನರ್ ಇರುತ್ತಿತ್ತು, ಅದರ ಮೇಲೆ ಥರ್ಮಾಕೋಲ್ ಅಕ್ಷರಗಳು. ಈಗ ಎಷ್ಟೋ ಕಡೆ ಆ ಜಾಗದಲ್ಲಿ ಎಲ್‌ಇಡಿ ಪರದೆ ಬಂದು ಕೂತಿದೆ. ಮಕ್ಕಳು ಕೃಷ್ಣನ ಹಾಡಿಗೆ ಕುಣಿಯುತ್ತಿದ್ದರೆ ಹಿಂದೆ ಯಮುನೆ ಹರಿಯುತ್ತಾಳೆ, ನವಿಲು ಗರಿ ಬಿಚ್ಚುತ್ತದೆ, ಚಂದ್ರ ಮೂಡುತ್ತಾನೆ. ಮುಂದಿನ ಸಾಲಿನ ಅಪ್ಪ ಅಮ್ಮಂದಿರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಹಿಂದಿನ ಸಾಲಿನವರು ಮಕ್ಕಳನ್ನು ನೋಡುವುದು ಮುಂದಿನವರ ಮೊಬೈಲಿನಲ್ಲಿ! ಅತ್ತ ಮೈಸೂರಿನಲ್ಲಿ ಕೂತ ಅಜ್ಜಿ ಅದೇ ಕುಣಿತವನ್ನು ಯೂಟ್ಯೂಬಿನಲ್ಲಿ ನೋಡುತ್ತಾ, "ನವಿಲು ಚೆನ್ನಾಗಿ ಕಾಣ್ತಿದೆ ಕಣೋ, ಮಗೂದು ಮುಖಾನೇ ಕಾಣ್ತಿಲ್ವಲ್ಲ" ಅನ್ನುತ್ತಾರೆ.

ಐದು ನಿಮಿಷದ ಒಂದು ನೃತ್ಯಕ್ಕೆ ಇಷ್ಟೊಂದು ಪರದೆಗಳು. ತಪ್ಪೇನಿಲ್ಲ ಅನ್ನಿ, ಕಾಲ ಹಾಗಿದೆ. ಆದರೆ ಪರದೆ ಪುಕ್ಕಟೆ ಬರುವುದಿಲ್ಲ. ಪರದೆಗೆ ಕೊಟ್ಟ ದುಡ್ಡು ಮೃದಂಗದವರಿಗೆ ಕೊಡಲು ಉಳಿಯುವುದಿಲ್ಲ. ಕಣ್ಣು ನವಿಲಿನ ಮೇಲೆ ಹೋದಷ್ಟು ಹೊತ್ತು ಮಗುವಿನ ಮೇಲೆ ಇರುವುದಿಲ್ಲ. ಆದ್ದರಿಂದ ನೃತ್ಯಕ್ಕೂ ಸಿನಿಮಾಕ್ಕೂ ಇರುವ ನಂಟು ಎಂಥದ್ದು, ಇವೆರಡೂ ಒಂದೇ ವೇದಿಕೆ ಹತ್ತಿದಾಗ ಏನಾಗುತ್ತದೆ ಎಂಬುದು ಪಂಡಿತರ ಚರ್ಚೆಗೆ ಮಾತ್ರ ಬಿಡುವ ವಿಷಯವಲ್ಲ. ನಮ್ಮ ಕಾರ್ಯಕಾರಿ ಸಮಿತಿಯ ಬಜೆಟ್ಟಿಗೂ ಸಂಬಂಧಿಸಿದ್ದು.

ಮೂರು ಬೇರೆ ಬೇರೆ ಕೆಲಸ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನೃತ್ಯ ಮತ್ತು ಚಲನಚಿತ್ರ ಜೊತೆಯಾಗುವುದು ಮೂರು ರೀತಿಯಲ್ಲಿ. ಒಂದು, ನಡೆಯುತ್ತಿರುವ ನೃತ್ಯವನ್ನು ಹಾಗೆಯೇ ಚಿತ್ರೀಕರಿಸಿಟ್ಟುಕೊಳ್ಳುವುದು. ಇದು ದಾಖಲೆ. ಎರಡು, ಕ್ಯಾಮೆರಾಕ್ಕಾಗಿಯೇ ನೃತ್ಯ ಕಟ್ಟುವುದು. ಇದನ್ನು ವೇದಿಕೆಯ ಮೇಲೆ ಯಾರೂ ಮಾಡಿ ತೋರಿಸಲಾರರು. ಮೂರು, ಕಣ್ಣೆದುರಿಗೆ ಕುಣಿಯುವ ಮನುಷ್ಯ ಮತ್ತು ಚಲಿಸುವ ಚಿತ್ರ ಎರಡನ್ನೂ ಒಂದೇ ವೇದಿಕೆಗೆ ತರುವುದು. ರಂಗಪ್ರಯೋಗ ಎಂದು ಕರೆಸಿಕೊಳ್ಳುವ ಬಹಳಷ್ಟು ಕೆಲಸ ಈ ಮೂರನೆಯ ಜಾಗದಲ್ಲಿ ನಡೆಯುತ್ತಿದೆ.

ಈ ಮೂರಕ್ಕೂ ಬೇಕಾದ ತಯಾರಿ ಬೇರೆ, ಖರ್ಚು ಬೇರೆ, ಫಲವೂ ಬೇರೆ. ನಾವು ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡುತ್ತೇವೆ. ತೊಂದರೆ ಅಲ್ಲಿಂದಲೇ ಶುರು.

ಮೂರನೆಯದನ್ನು ಅಳೆಯಲು ಸುಲಭದ ಎರಡು ಪ್ರಶ್ನೆಗಳಿವೆ. ಪರದೆ ಆರಿಸಿದರೆ ಏನು ಕಳೆದುಹೋಗುತ್ತದೆ? ಕುಣಿಯುವವರು ಹೊರಟುಹೋದರೆ ಏನು ಕಳೆದುಹೋಗುತ್ತದೆ? ಎರಡಕ್ಕೂ "ಬಹಳ" ಎಂಬ ಉತ್ತರ ಬಂದರೆ ಆ ಪ್ರಯೋಗ ಗೆದ್ದಂತೆ. ಮೊದಲನೆಯದಕ್ಕೆ "ಏನೂ ಇಲ್ಲ" ಎಂದು ಬಂದರೆ ಪರದೆ ದಂಡ. ಎರಡನೆಯದಕ್ಕೆ "ಏನೂ ಇಲ್ಲ" ಎಂದು ಬಂದರೆ, ಪಾಪ, ಮಕ್ಕಳು ದಂಡ.

ಪೂರ್ವ ಲಂಡನ್ನಿನಲ್ಲಿ ಎರಡು ಕಟ್ಟಡ

ಈ ಪ್ರಶ್ನೆ ಈಗ ಎಷ್ಟು ದೊಡ್ಡದಾಗಿದೆ ಎಂದು ನೋಡಬೇಕಾದರೆ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್ ಕಡೆ ನೋಡಬಹುದು. 2022ರ ಮೇ 27ರಂದು ಅಲ್ಲಿ 'ಅಬ್ಬಾ ವಾಯೇಜ್' ಶುರುವಾಯಿತು. ಸ್ವೀಡನ್ನಿನ ಅಬ್ಬಾ ತಂಡದ ನಾಲ್ವರು ತಮ್ಮ 70ರ ದಶಕದ ಯೌವನದ ರೂಪದಲ್ಲಿ 3,000 ಜನರ ಮುಂದೆ ಹಾಡಿ ಕುಣಿಯುತ್ತಾರೆ. ಆದರೆ ಆ ನಾಲ್ವರು ಅಲ್ಲಿಲ್ಲ! ಕಾಣುವುದು ದೈತ್ಯ ಪರದೆಯ ಮೇಲಿನ ಚಿತ್ರ. ವಯಸ್ಸಾದ ಕಲಾವಿದರು ಐದು ವಾರ ಕಾಲ ಚಲನೆ ದಾಖಲಿಸುವ ಉಡುಪು ತೊಟ್ಟು, 160 ಕ್ಯಾಮೆರಾಗಳ ಮುಂದೆ ಹಾಡಿ ಕುಣಿದರು. ಅವರ ಜೊತೆಗೆ ಎಳೆಯ ನರ್ತಕರ ಮೈಚಲನೆಯನ್ನೂ ಬಳಸಿಕೊಂಡು ಆ ರೂಪಗಳನ್ನು ಸಿದ್ಧಪಡಿಸಿದರು. ನೃತ್ಯ ಸಂಯೋಜನೆ ವೇಯ್ನ್ ಮೆಕ್‌ಗ್ರೆಗರ್ ಅವರದು. ಲಂಡನ್ನಿನ ರಾಯಲ್ ಬ್ಯಾಲೆಗೆ ಕೃತಿಗಳನ್ನು ಕಟ್ಟಿಕೊಟ್ಟ ಸಂಯೋಜಕ ಆತ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಗಾಯಕರನ್ನು ಚಿತ್ರವಾಗಿಸಿದ ಈ ಪ್ರದರ್ಶನ ವಾದ್ಯದವರನ್ನು ಕೈಬಿಡಲಿಲ್ಲ. ಹತ್ತು ಮಂದಿಯ ವಾದ್ಯವೃಂದ ವೇದಿಕೆಯ ಮೇಲೆ ನಿಜವಾಗಿಯೇ ನುಡಿಸುತ್ತದೆ. ಕಂಪ್ಯೂಟರಿಗೆ ಅಷ್ಟು ದುಡ್ಡು ಸುರಿದವರಿಗೂ ಗೊತ್ತಿತ್ತು, ಕಣ್ಣೆದುರಿಗೆ ಉಸಿರಾಡುವ ಮನುಷ್ಯರು ಯಾರೂ ಇಲ್ಲದಿದ್ದರೆ ಜನಕ್ಕೆ ಅದು ಸಿನಿಮಾ ನೋಡಿದ ಹಾಗಾಗುತ್ತದೆ ಎಂದು. ನಾವೋ, ಮೊದಲು ಕೈಬಿಡುವುದೇ ವಾದ್ಯದವರನ್ನು.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಒಲಿಂಪಿಕ್ ಪಾರ್ಕಿನಲ್ಲಿ, 2025ರ ಫೆಬ್ರವರಿಯಲ್ಲಿ 'ಸ್ಯಾಡ್ಲರ್ಸ್ ವೆಲ್ಸ್ ಈಸ್ಟ್' ಬಾಗಿಲು ತೆರೆಯಿತು. 550 ಆಸನಗಳ, ನೃತ್ಯಕ್ಕೆಂದೇ ಕಟ್ಟಿದ ರಂಗಮಂದಿರ ಅದು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಬ್ರಿಟನ್ನಿನ ರಂಗಮಂದಿರಗಳೆಲ್ಲ ಮುಚ್ಚಿದಾಗ ಇದೇ ಸ್ಯಾಡ್ಲರ್ಸ್ ವೆಲ್ಸ್ ಸಂಸ್ಥೆ ತನ್ನ ನೃತ್ಯಗಳನ್ನು ಅಂತರ್ಜಾಲದಲ್ಲಿ ಹರಿಯಬಿಟ್ಟಿತ್ತು. ಇನ್ನು ಮುಂದೆ ಜನ ಮನೆಯಲ್ಲೇ ಕೂತು ನೋಡುತ್ತಾರೆ, ರಂಗಮಂದಿರದ ಕಾಲ ಮುಗಿಯಿತು ಎಂದು ಆಗ ಹೇಳಿದವರುಂಟು. ಐದು ವರ್ಷ ಕಳೆಯುವಷ್ಟರಲ್ಲಿ ಅದೇ ಸಂಸ್ಥೆಯ ಹೊಸ ಕಟ್ಟಡ ಎದ್ದು ನಿಂತಿದೆ. ಅಂದರೆ ಪರದೆ ವೇದಿಕೆಯನ್ನು ನುಂಗಲಿಲ್ಲ. ಎರಡೂ ಅಕ್ಕಪಕ್ಕದಲ್ಲಿ ಬೆಳೆಯುತ್ತಿವೆ. ಎರಡರ ನಡುವಿನ ಗಡಿ ಎಲ್ಲಿದೆ ಎಂಬುದೇ ಈಗ ಉಳಿದಿರುವ ಪ್ರಶ್ನೆ.

ಕ್ಯಾಮೆರಾವೇ ಕುಣಿದಾಗ

ಈ ನಂಟು ಹೊಸದೇನಲ್ಲ. ಸಿನಿಮಾ ಹುಟ್ಟಿದ ದಿನಗಳಿಂದಲೂ ನೃತ್ಯ ಅದರ ಜೊತೆಗಿದೆ. ಅಮೆರಿಕದ ಲೋಯಿ ಫುಲ್ಲರ್ ಎಂಬಾಕೆ 1892ರಿಂದ ಪ್ಯಾರಿಸ್ಸಿನಲ್ಲಿ ಮಾರುದ್ದದ ರೇಷ್ಮೆ ಬಟ್ಟೆಗಳನ್ನು ಬೀಸುತ್ತಾ, ಬಣ್ಣಬಣ್ಣದ ಬೆಳಕಿನಲ್ಲಿ ಕುಣಿದು ಹೆಸರು ಮಾಡಿದಳು. ಆಕೆಯನ್ನು ಅನುಕರಿಸಿದವರು ಬಹಳ. ಎಡಿಸನ್ ಕಂಪನಿ 1890ರ ದಶಕದಲ್ಲಿ ಚಿತ್ರೀಕರಿಸಿದ್ದು ಆನಬೆಲ್ ಎಂಬ ಹಾಗೊಬ್ಬ ನರ್ತಕಿಯನ್ನು. ಆ ತುಣುಕುಗಳಲ್ಲಿ ಬಟ್ಟೆಗೆ ಫ್ರೇಮ್ ಫ್ರೇಮ್ ಆಗಿ ಕೈಯಿಂದ ಬಣ್ಣ ಹಾಕಿದರು. ಅಂದರೆ ವೇದಿಕೆಯ ದೀಪ ಮಾಡುತ್ತಿದ್ದ ಕೆಲಸವನ್ನು ಕುಂಚ ಮಾಡಿತು.

ದಾಖಲೆಯನ್ನು ದಾಟಿ ಮುಂದಕ್ಕೆ ಹೋದವರಲ್ಲಿ ಮಾಯಾ ಡೆರೆನ್ ಮುಖ್ಯರು. 1945ರಲ್ಲಿ ಆಕೆ ಟ್ಯಾಲಿ ಬೀಟಿ ಎಂಬ ನರ್ತಕನ ಜೊತೆ ಮೂರು ನಿಮಿಷಕ್ಕಿಂತ ಕಡಿಮೆ ಅವಧಿಯ ಮೂಕಿ ಚಿತ್ರವೊಂದನ್ನು ತೆಗೆದರು. ಅದರಲ್ಲಿ ನರ್ತಕ ಕಾಡಿನಲ್ಲಿ ಕಾಲೆತ್ತುತ್ತಾನೆ, ಕಾಲಿಡುವುದು ಮನೆಯೊಂದರ ಕೋಣೆಯೊಳಗೆ. ಒಂದೇ ಹೆಜ್ಜೆ, ಎರಡು ಜಾಗ! ಮುಂದೆ ಅವನು ಜಿಗಿದರೆ ಆ ಜಿಗಿತ ಮುಗಿಯುವುದೇ ಇಲ್ಲವೇನೋ ಅನ್ನಿಸುವಷ್ಟು ಹೊತ್ತು ಗಾಳಿಯಲ್ಲಿರುತ್ತಾನೆ. ಯಾವ ವೇದಿಕೆಯಲ್ಲೂ ಇದು ಸಾಧ್ಯವಿಲ್ಲ. ಇಲ್ಲಿ ಕತ್ತರಿ ಮತ್ತು ಕ್ಯಾಮೆರಾ ನರ್ತಕನ ಸಮಕ್ಕೆ ನಿಂತು ಕುಣಿದಿವೆ.

ನಮ್ಮವರೂ ಇಲ್ಲಿ ಹಿಂದೆ ಬಿದ್ದಿಲ್ಲ. ಉದಯಶಂಕರ್ ಹೆಸರು ಕೇಳದವರಾರು? ಲಂಡನ್ನಿನಲ್ಲಿ ಚಿತ್ರಕಲೆ ಕಲಿಯಲು ಬಂದಿದ್ದ ಈ ಹುಡುಗ 1923ರಲ್ಲಿ ರಷ್ಯಾದ ಆನಾ ಪಾವ್ಲೋವಾ ಜೊತೆ ಕುಣಿದು ಜಗತ್ತಿಗೆ ಪರಿಚಯವಾದರು. ಮುಂದೆ ಭಾರತಕ್ಕೆ ಮರಳಿ ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ ನೃತ್ಯ ಶಾಲೆ ಕಟ್ಟಿದರು. ಆ ಶಾಲೆ ಮುಚ್ಚಿದ ಮೇಲೆ ತಮ್ಮ ಕನಸನ್ನೆಲ್ಲ 'ಕಲ್ಪನಾ' ಎಂಬ ಸಿನಿಮಾಕ್ಕೆ ಸುರಿದರು. ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಾಗಿ 1948ರಲ್ಲಿ ಅದು ತೆರೆಕಂಡಿತು. ನರ್ತಕನೊಬ್ಬ ತನ್ನ ಕಥೆಯನ್ನು ಸಿನಿಮಾ ನಿರ್ಮಾಪಕನಿಗೆ ಹೇಳುತ್ತಾನೆ, ನಿರ್ಮಾಪಕ ತಿರಸ್ಕರಿಸುತ್ತಾನೆ. ಇದೇ ಚಿತ್ರದ ಚೌಕಟ್ಟು. ಹಳೆಯ ಪ್ರತಿಯನ್ನು ಮಾರ್ಟಿನ್ ಸ್ಕೊರ್ಸೇಸಿ ಅವರ ಪ್ರತಿಷ್ಠಾನ ದುರಸ್ತಿ ಮಾಡಿಸಿತು. 2012ರಲ್ಲಿ ಅದನ್ನು ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು.

ಇಲ್ಲಿ ಕನ್ನಡದ ಎಳೆಯೊಂದು ಇದೆ. ಆಲ್ಮೋರಾದ ಆ ಶಾಲೆಯಲ್ಲಿ ಕಲಿತವರಲ್ಲಿ 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗನೊಬ್ಬನಿದ್ದ. ಅವರೇ ಗುರುದತ್. ಸಿನಿಮಾಕ್ಕೆ ಅವರು ಕಾಲಿಟ್ಟಿದ್ದು ಪುಣೆಯ ಪ್ರಭಾತ್ ಕಂಪನಿಯಲ್ಲಿ, ನೃತ್ಯ ನಿರ್ದೇಶನದ ಕೆಲಸ ಮಾಡುತ್ತಾ. 1959ರ 'ಕಾಗಜ್ ಕೇ ಫೂಲ್' ನೋಡಿದವರು ಖಾಲಿ ಸ್ಟುಡಿಯೋದೊಳಕ್ಕೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಮರೆಯಲಾರರು. ಕನ್ನಡಿಗಳನ್ನಿಟ್ಟು ಸೂರ್ಯನ ಬೆಳಕನ್ನೇ ಒಳಕ್ಕೆ ತಂದ ಛಾಯಾಗ್ರಾಹಕ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಆ ಹಾಡಿನಲ್ಲಿ ಯಾರೂ ಕುಣಿಯುವುದಿಲ್ಲ. ಇಬ್ಬರು ಸುಮ್ಮನೆ ನಿಂತಿರುತ್ತಾರೆ, ಕ್ಯಾಮೆರಾ ಮತ್ತು ಬೆಳಕು ಚಲಿಸುತ್ತವೆ. ಆದರೂ ನೃತ್ಯ ಬಲ್ಲವನು ತೆಗೆದ ದೃಶ್ಯ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ಎರಡನೆಯ ದಾರಿ ಎಂದೆವಲ್ಲ, ಇದು ಅದರ ಎತ್ತರ.

ಸಮುದ್ರದ ಗಾಳಿಗೆ ಸಿಕ್ಕ ಕೃಷ್ಣ

ಇನ್ನು ದಾಖಲೆಯ ವಿಷಯ. "ಇದ್ದದ್ದನ್ನು ಇದ್ದ ಹಾಗೆ ತೆಗೆದರೆ ಸರಿ, ಇದರಲ್ಲೇನು ಮಹಾ?" ಅನ್ನುತ್ತೀರಿ. ಅಷ್ಟು ಸುಲಭವಲ್ಲ. ಸತ್ಯಜಿತ್ ರಾಯ್ ಅವರಂಥವರಿಗೂ ಇದು ಕಷ್ಟವಾಗಿದೆ.

ಹುಡುಗನಾಗಿದ್ದಾಗಲೇ ರಾಯ್ ಕಲ್ಕತ್ತಾದಲ್ಲಿ ಬಾಲಸರಸ್ವತಿಯವರ ಭರತನಾಟ್ಯ ನೋಡಿದ್ದರು. ಆಕೆಯ ಬಗ್ಗೆ 'ಬಾಲಾ' ಸಾಕ್ಷ್ಯಚಿತ್ರ ತೆಗೆದಿದ್ದು ಮಾತ್ರ 1976ರಲ್ಲಿ, ಆಕೆಗೆ 58 ತುಂಬುವ ಹೊತ್ತಿಗೆ. ಬಾಲಸರಸ್ವತಿಯವರ ಅಭಿನಯಕ್ಕೆ ಪ್ರಸಿದ್ಧವಾಗಿದ್ದು ನಮ್ಮ ವ್ಯಾಸರಾಯರ ದೇವರನಾಮ 'ಕೃಷ್ಣಾ ನೀ ಬೇಗನೆ ಬಾರೋ'. ತಮಿಳು ಮನೆತನದ ಕಲಾವಿದೆ ಕನ್ನಡದ ಹಾಡನ್ನು ದೇಶವಿದೇಶಗಳ ಜನರ ಮನಸ್ಸಿಗೆ ಇಳಿಸಿದ್ದರು. ರಾಯ್ ಅದನ್ನು ಚಿತ್ರೀಕರಿಸಿದ್ದು ಸಮುದ್ರ ತೀರದಲ್ಲಿ. ಹಿಂದೆ ಅಲೆಗಳು, ಮೇಲೆ ಆಕಾಶ.

ನೋಡಲು ಸುಂದರವೇ. ಆದರೆ ಅಲ್ಲಿ ಗಾಳಿ ಬೀಸುತ್ತದೆ, ಸೆರಗು ಹಾರುತ್ತದೆ, ನಮ್ಮ ಕಣ್ಣು ಸೆರಗಿನ ಹಿಂದೆ ಹೋಗುತ್ತದೆ. ಬಾಲಸರಸ್ವತಿಯವರ ಅಭಿನಯವೆಂದರೆ ಬರಿಯ ವೇದಿಕೆಯ ಮೇಲೆ ಇಲ್ಲದ ಕೃಷ್ಣನನ್ನು ಇರುವಂತೆ ಮಾಡುವುದು. ಕಣ್ಣಿನ ಒಂದು ತಿರುವಿನಲ್ಲಿ ಮಗು ಬಾಗಿಲ ಹಿಂದೆ ಅಡಗುತ್ತದೆ, ಬೆರಳ ಒಂದು ಮಡಿಕೆಯಲ್ಲಿ ಬೆಣ್ಣೆ ಕಾಣುತ್ತದೆ. ಅಂಥ ಅಭಿನಯಕ್ಕೆ ನಿಜವಾದ ಸಮುದ್ರ ತಂದು ಹಿಂದೆ ನಿಲ್ಲಿಸಿದರೆ ಸಹಾಯವಾಗುವ ಬದಲು ಪೈಪೋಟಿಯಾಗುತ್ತದೆ. ಅದೇ ಚಿತ್ರದ ಕೊನೆಯ ಭಾಗದಲ್ಲಿ, ಒಳಾಂಗಣದಲ್ಲಿ ಸರಳವಾಗಿ ತೆಗೆದ ವರ್ಣವಿದೆ. ಅಲ್ಲಿ ಆಕೆ ಪೂರ್ತಿ ದಕ್ಕುತ್ತಾರೆ.

ಈಗ ನಮ್ಮ ಎಲ್‌ಇಡಿ ಯಮುನೆಯ ಕಡೆ ತಿರುಗಿ ನೋಡಿ. ಎಂಟು ವರ್ಷದ ಹುಡುಗಿ ಪುಟ್ಟ ಕೈಯಲ್ಲಿ ನೀರು ಮೊಗೆಯುವ ಅಭಿನಯ ಮಾಡುತ್ತಿದ್ದಾಳೆ. ಹಿಂದೆ ಇಪ್ಪತ್ತು ಅಡಿ ಅಗಲದ ನದಿ ಹರಿಯುತ್ತಿದೆ. ಅವಳ ಕೈಯೊಳಗಿನ ನೀರನ್ನು ಯಾರು ನೋಡುತ್ತಾರೆ ಹೇಳಿ? ಬಾಲಸರಸ್ವತಿಯವರಿಗೇ ಕಷ್ಟವಾದ ಪೈಪೋಟಿಗೆ ನಾವು ಮಕ್ಕಳನ್ನು ನೂಕುತ್ತಿದ್ದೇವೆ.

ಒಂದೇ ವೇದಿಕೆಯಲ್ಲಿ ಎರಡೂ

ಹಾಗಾದರೆ ಪರದೆ ವೇದಿಕೆಗೆ ಬರಲೇಬಾರದೇ? ಖಂಡಿತ ಬರಬಹುದು. ಇದಕ್ಕೂ ಉದಯಶಂಕರರೇ ಒಳ್ಳೆಯ ಉದಾಹರಣೆ. 1970ರಲ್ಲಿ, ತಮ್ಮ ಎಪ್ಪತ್ತರ ಹೊಸ್ತಿಲಲ್ಲಿ, ಅವರು ಕಲ್ಕತ್ತಾದಲ್ಲಿ 'ಶಂಕರಸ್ಕೋಪ್' ಎಂಬ ಪ್ರಯೋಗ ಮಾಡಿದರು. ಪರದೆಯ ಮೇಲೆ ಚಲನಚಿತ್ರ ನಡೆಯುತ್ತಿರುವಾಗ ಅದರೊಳಗಿನ ಪಾತ್ರ ವೇದಿಕೆಗೆ ಕಾಲಿಡುತ್ತದೆ, ವೇದಿಕೆಯ ಪಾತ್ರ ಪರದೆಯೊಳಕ್ಕೆ ಹೋಗಿ ಮುಂದಿನ ಕಥೆ ನಡೆಸುತ್ತದೆ. ಪರದೆ ಆರಿಸಿದರೆ ಕಥೆ ನಿಲ್ಲುತ್ತದೆ, ನರ್ತಕ ಇಲ್ಲದಿದ್ದರೂ ನಿಲ್ಲುತ್ತದೆ. ನಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತಲ್ಲ! ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕೆ ಬೇಕಾದ್ದು ಕ್ಷಣಕ್ಷಣದ ಲೆಕ್ಕಾಚಾರ, ತಿಂಗಳುಗಟ್ಟಲೆ ಅಭ್ಯಾಸ.

ಅಮೆರಿಕದ ಮರ್ಸ್ ಕನಿಂಗ್‌ಹ್ಯಾಮ್ 1999ರಲ್ಲಿ 'ಬೈಪೆಡ್' ಎಂಬ ಕೃತಿಯಲ್ಲಿ ಇನ್ನೊಂದು ದಾರಿ ಹಿಡಿದರು. ನರ್ತಕರ ಚಲನೆಯನ್ನು ಕಂಪ್ಯೂಟರಿನಲ್ಲಿ ಹಿಡಿದು, ಅದರಿಂದ ಗೆರೆಗಳ ಮನುಷ್ಯರನ್ನು ಮಾಡಿಸಿದರು. ಆ ಗೆರೆಗಳು ಮೂಡಿದ್ದು ನರ್ತಕರ ಮುಂದೆ ಕಟ್ಟಿದ ತೆಳುವಾದ ಪರದೆಯ ಮೇಲೆ. ಹಾಗಾಗಿ ನರ್ತಕರ ನಡುವೆಯೇ ಅವು ತೇಲಿ ಹೋದಂತೆ ಕಾಣುತ್ತಿತ್ತು. ಅವು ಅಲಂಕಾರಕ್ಕೆ ಬಂದವಲ್ಲ. ಮನುಷ್ಯರಿಂದಲೇ ಹುಟ್ಟಿ ಮನುಷ್ಯರನ್ನು ಮೀರಿದ ಚಲನೆಗಳು. ಪಕ್ಕದಲ್ಲಿ ನಿಜವಾದ ನರ್ತಕ ಏದುಸಿರು ಬಿಡುತ್ತಿರುವುದರಿಂದಲೇ ಆ ಗೆರೆಗಳಿಗೆ ಅರ್ಥ.

ಬ್ರಿಟನ್ನಿನಲ್ಲೇ ನೋಡುವುದಾದರೆ ಬಾಂಗ್ಲಾದೇಶಿ ಮೂಲದ ಅಕ್ರಮ್ ಖಾನ್ ಅವರ 'ಜಂಗಲ್ ಬುಕ್ ರೀಇಮ್ಯಾಜಿನ್ಡ್' ಇದೆ. 2022ರ ಏಪ್ರಿಲ್‌ನಲ್ಲಿ ಲೆಸ್ಟರಿನ ಕರ್ವ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಹವಾಮಾನ ಬದಲಾಗಿ ಊರೇ ಮುಳುಗಿ ನಿರಾಶ್ರಿತಳಾದ ಹುಡುಗಿ ಇಲ್ಲಿ ಮೌಗ್ಲಿ. ಆನೆಗಳ ಹಿಂಡನ್ನು, ಮುಳುಗಿದ ನಗರವನ್ನು ಗೆರೆಚಿತ್ರಗಳ ಅನಿಮೇಷನ್ ತೋರಿಸಿದರೆ ಕರಡಿ, ಕರಿಚಿರತೆ, ಕೋತಿಗಳನ್ನು ನರ್ತಕರು ಮೈಯಲ್ಲೇ ತಂದರು. ವೇದಿಕೆಗೆ ತರಲಾಗದ್ದನ್ನು ಮಾತ್ರ ಪರದೆಗೆ ಬಿಟ್ಟರು. ಕೆಲಸದ ಹಂಚಿಕೆ ಅಂದರೆ ಇದು.

ಈಗ ನಮಗೆ ಇನ್ನೂ ಹತ್ತಿರದ್ದು. ಲಂಡನ್ನಿನಲ್ಲಿ ನೆಲೆಸಿದ ಸಂಯೋಜಕಿ ಶೋಭನಾ ಜಯಸಿಂಗ್ 2002ರಲ್ಲಿ 'ಹಿಂಟರ್‌ಲ್ಯಾಂಡ್' ಎಂಬ ಪ್ರಯೋಗ ಮಾಡಿದರು. ಗ್ರೀನಿಚ್‌ನ ಸಭಾಂಗಣದಲ್ಲಿ ನರ್ತಕಿಯರು ಪ್ರೇಕ್ಷಕರೆದುರು ಕುಣಿಯುತ್ತಿದ್ದರೆ, ಬೆಂಗಳೂರಿನಲ್ಲಿದ್ದ ನರ್ತಕಿಯೊಬ್ಬರು ಅಂತರ್ಜಾಲದ ಮೂಲಕ ಅದೇ ಹೊತ್ತಿಗೆ ಅವರನ್ನು ಕೂಡಿಕೊಂಡರು. 2002ರ ಇಂಟರ್‌ನೆಟ್ ನೆನಪಿದೆಯಲ್ಲ? ಡಯಲ್‌ಅಪ್ ಮೋಡೆಮ್ ಕಿರ್‍ರೆನ್ನುತ್ತಿದ್ದ ಕಾಲ. ಊರಿಗೆ ಫೋನ್ ಮಾಡಲು ಕಾಲಿಂಗ್ ಕಾರ್ಡ್ ಕೆರೆಯುತ್ತಿದ್ದೆವು. ಆ ಕಾಲದಲ್ಲಿ ಲಂಡನ್ ಮತ್ತು ಬೆಂಗಳೂರು ಒಂದೇ ನೃತ್ಯದೊಳಗೆ ಇದ್ದವು. ಇಲ್ಲಿ ಪರದೆ ತೋರಿಸಿದ್ದು ಬರೀ ಇನ್ನೊಬ್ಬ ನರ್ತಕಿಯನ್ನಲ್ಲ, ನಡುವಿನ ದೂರವನ್ನು. ಎದುರಿಗೆ ಇರುವವಳು ಮತ್ತು ಇಲ್ಲದವಳು, ಇಬ್ಬರೂ ಕಣ್ಣಮುಂದೆ. ಅನಿವಾಸಿಗಳಾದ ನಮ್ಮ ಬದುಕೇ ಅಲ್ಲವೇ ಅದು?

ಅಂದಹಾಗೆ ಬೆಂಗಳೂರೂ ಈ ಪ್ರಯೋಗಗಳಲ್ಲಿ ಬರೀ ಅತಿಥಿಯಾಗಿರಲಿಲ್ಲ. ಲಂಡನ್ನಿನಲ್ಲಿ ಸಮಕಾಲೀನ ನೃತ್ಯ ಕಲಿತ ಜಯಚಂದ್ರನ್ ಪಾಳಾಳಿ ಬೆಂಗಳೂರಿನಲ್ಲಿ ಬೆಳೆಸಿದ ಅಟ್ಟಕ್ಕಲರಿ ಸಂಸ್ಥೆ ವೇದಿಕೆಯ ಮೇಲೆ ಚಲಿಸುವ ಚಿತ್ರ ಮತ್ತು ಡಿಜಿಟಲ್ ತಂತ್ರಗಳನ್ನು ಬಳಸಿ ಹಲವು ಕೃತಿ ಕಟ್ಟಿತು. 2000ದಿಂದ ಎರಡು ವರ್ಷಕ್ಕೊಮ್ಮೆ ನೃತ್ಯೋತ್ಸವ ನಡೆಸಿ ಹೊರದೇಶಗಳ ತಂಡಗಳನ್ನು ಬೆಂಗಳೂರಿಗೆ ತಂದಿತು. ಅದೇ ಸಂಸ್ಥೆ 'ನಾಗರಿಕ' ಎಂಬ ಯೋಜನೆಯಲ್ಲಿ ಭರತನಾಟ್ಯದ ಅಡವುಗಳನ್ನು ಕಲಿಯುವವರ ಅನುಕೂಲಕ್ಕೆ ಡಿವಿಡಿಗಳಲ್ಲಿ ದಾಖಲಿಸಿತು. ಒಂದು ಕಡೆ ಪ್ರಯೋಗ, ಇನ್ನೊಂದು ಕಡೆ ದಾಖಲೆ. ಎರಡನ್ನೂ ಮಾಡಿದರು, ಆದರೆ ಒಂದರೊಳಗೊಂದು ಕಲಸಲಿಲ್ಲ.

ಕಾಂತಾರದ ನಂತರ

ಈಗ ನಮ್ಮ ಕೂಟಗಳನ್ನು ನೇರವಾಗಿ ತಟ್ಟಿರುವ ವಿಷಯಕ್ಕೆ ಬರೋಣ. 2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟಿಯವರ 'ಕಾಂತಾರ' ಬಂತು. ತುಳುನಾಡಿನ ಭೂತಕೋಲವನ್ನು ಜಗತ್ತೆಲ್ಲ ನೋಡಿತು. ಇಲ್ಲಿನ ಥಿಯೇಟರುಗಳಲ್ಲಿ ನಾವೂ ಎದೆಯುಬ್ಬಿಸಿ ನೋಡಿದೆವು. ಅದೇ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಒಂದು ಸಿನಿಮಾ ಇಷ್ಟು ಮಾಡಿದ್ದು ಸಣ್ಣ ಮಾತಲ್ಲ.

ಆದರೆ ಸಿನಿಮಾ ಅಲ್ಲಿಗೇ ನಿಲ್ಲಲಿಲ್ಲ, ಅಲ್ಲಿಂದ ವೇದಿಕೆಗೆ ಇಳಿಯಿತು. ಶಾಲಾ ವಾರ್ಷಿಕೋತ್ಸವಗಳಲ್ಲಿ, ಫ್ಯಾನ್ಸಿ ಡ್ರೆಸ್ಸಿನಲ್ಲಿ, ಥಿಯೇಟರಿನ ಅಂಗಳದಲ್ಲಿ ದೈವದ ವೇಷ ಕಾಣಿಸಿಕೊಂಡಿತು. ತುಳುನಾಡಿನಲ್ಲಿ ಆಕ್ಷೇಪ ಎದ್ದಿತು. 2025ರ ಅಕ್ಟೋಬರ್ 2ರಂದು 'ಕಾಂತಾರ: ಚಾಪ್ಟರ್ 1' ತೆರೆಕಂಡ ಮೇಲೂ ಇದು ಮರುಕಳಿಸಿತು. ಕೊನೆಗೆ ಚಿತ್ರ ನಿರ್ಮಿಸಿದವರೇ, ದಯವಿಟ್ಟು ದೈವವನ್ನು ಅನುಕರಿಸಬೇಡಿ ಎಂದು ಜನರಲ್ಲಿ ಮನವಿ ಮಾಡಬೇಕಾಯಿತು.

"ಸಿನಿಮಾದಲ್ಲಿ ಮಾಡಿದರೆ ಸರಿ, ನಮ್ಮ ಹುಡುಗ ದೀಪಾವಳಿಗೆ ಮಾಡಿದರೆ ತಪ್ಪೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ಕೋಲ ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು. ನಲಿಕೆ, ಪರವ, ಪಂಬದ ಸಮುದಾಯಗಳವರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಆರಾಧನೆ ಅದು. ಅಲ್ಲಿ ಪಾಡ್ದನವಿದೆ, ಬಣ್ಣವಿದೆ, ಕುಣಿತವಿದೆ. ಎಲ್ಲಕ್ಕಿಂತ ಮುಖ್ಯವಾಗಿ ನುಡಿಯಿದೆ. ದೈವ ಊರಿನವರ ಜೊತೆ ಮಾತಾಡುತ್ತದೆ, ಜಗಳ ಬಗೆಹರಿಸುತ್ತದೆ, ಅಭಯ ಕೊಡುತ್ತದೆ. ನೋಡುವವನು ಅಲ್ಲಿ ಪ್ರೇಕ್ಷಕನಲ್ಲ, ಅವನೂ ಅದರೊಳಗಿನವನು.

ಸಿನಿಮಾ ಇದರಿಂದ ಬಣ್ಣ, ಕುಣಿತ, ಕೂಗನ್ನು ತೆಗೆದುಕೊಂಡು ತನ್ನ ಕಥೆಗೆ ಬೇಕಾದಂತೆ ಕತ್ತರಿಸಿ ಜೋಡಿಸಿತು. ಅದು ಸಿನಿಮಾದ ಕೆಲಸ, ಅಲ್ಲಿ ಅದಕ್ಕೊಂದು ಚೌಕಟ್ಟಿದೆ, ಕಥೆಯಿದೆ. ಅದೇ ಸಿನಿಮಾವನ್ನು ನೋಡಿ ಕಲಿತ ಮೂರು ನಿಮಿಷದ ತುಣುಕು ವೇದಿಕೆಗೆ ಬಂದಾಗ ಕಥೆಯೂ ಇರುವುದಿಲ್ಲ, ಕೋಲವೂ ಇರುವುದಿಲ್ಲ. ಉಳಿಯುವುದು ವೇಷ ಮತ್ತು ಕೂಗು. ಆ ಆರಾಧನೆಯನ್ನು ಹೊತ್ತವರಿಗೆ ಅದು ನೋವು. ಅವರಲ್ಲಿ ಎಷ್ಟೋ ಮಂದಿ ಶತಮಾನಗಳ ಕಾಲ ಕೋಲದ ದಿನ ಮಾತ್ರ ಗೌರವ ಕಂಡು ಮಿಕ್ಕ ದಿನ ಅಂಗಳದಾಚೆ ನಿಂತ ಜನ. ಅವರ ಒಪ್ಪಿಗೆ ಇಲ್ಲದೆ ಅವರ ದೈವವನ್ನು ನಾವು ಚಪ್ಪಾಳೆಗೆ ಬಳಸುವುದು ಯಾವ ಪ್ರಯೋಗವೂ ಅಲ್ಲ. ಬೇಕಿದ್ದರೆ ಯಕ್ಷಗಾನ ಮಾಡಿಸೋಣ, ಹುಲಿವೇಷ ಕುಣಿಸೋಣ, ಡೊಳ್ಳು ಬಾರಿಸೋಣ. ನೋಡುಗರಿಗೆಂದೇ ಇರುವ ಕಲೆಗಳಿಗೆ ನಮ್ಮಲ್ಲಿ ಬರವಿದೆಯೇ?

ಇನ್ನು ನಮ್ಮ ವೇದಿಕೆ

ಲಾಕ್‌ಡೌನ್ ದಿನಗಳಲ್ಲಿ ನಮ್ಮ ಮಕ್ಕಳ ನೃತ್ಯ ತರಗತಿಗಳೆಲ್ಲ ಜೂಮ್‌ಗೆ ಬಂದವು. ಬೆಂಗಳೂರಿನ ಗುರುಗಳು ತಟ್ಟುಮಣೆ ತಟ್ಟಿದರೆ ಇಲ್ಲಿ ಕೇಳುವಷ್ಟರಲ್ಲಿ ಒಂದು ಚಿಟಿಕೆ ತಡ. ಮಗು ಹೆಜ್ಜೆ ಹಾಕಿದ್ದು ಅವರಿಗೆ ಕಾಣುವಷ್ಟರಲ್ಲಿ ಇನ್ನೊಂದು ತಡ. ತಾಳ ಕೂಡುವುದೇ ಇಲ್ಲ. ಕೊನೆಗೆ ಗುರುಗಳು ಧ್ವನಿ ಮುದ್ರಿಸಿ ಕಳಿಸುವುದು, ಮಗು ಕುಣಿದು ವಿಡಿಯೋ ಕಳಿಸುವುದು ರೂಢಿಯಾಯಿತು. ದೂರದಲ್ಲಿರುವ ಗುರು ದೊರೆತದ್ದು ದೊಡ್ಡ ಲಾಭವೇ. ಆದರೆ ಹಾಗೆ ಕಲಿತ ಮಗು ಹಾಡುವವರ ಉಸಿರು ಗಮನಿಸುವುದನ್ನು, ಮೃದಂಗದವರ ಕಣ್ಣು ನೋಡಿ ಮುಕ್ತಾಯಕ್ಕೆ ಸಿದ್ಧವಾಗುವುದನ್ನು ಕಲಿಯುವುದಿಲ್ಲ. ಮುದ್ರಿತ ಹಾಡು ಯಾರಿಗೂ ಕಾಯುವುದಿಲ್ಲ. ಹೆಜ್ಜೆ ತಪ್ಪಿದರೆ ಹಾಡು ಮುಂದೆ ಹೋಗಿರುತ್ತದೆ. ಜೀವಂತ ವಾದ್ಯದವರು ಹಾಗಲ್ಲ, ಎಡವಿದ ಮಗುವನ್ನು ಒಂದು ಆವರ್ತ ಹೆಚ್ಚು ನುಡಿಸಿ ಎತ್ತಿಕೊಳ್ಳುತ್ತಾರೆ. ಪರದೆಯಿಂದ ನಾವು ಕಳೆದುಕೊಳ್ಳುತ್ತಿರುವುದು ಇದನ್ನು.

ಹಾಗಾಗಿ ಮುಂದಿನ ಕಾರ್ಯಕ್ರಮಕ್ಕೆ ಮುನ್ನ ಕೆಲವು ಸಣ್ಣ ಸಲಹೆಗಳು.

ದಾಖಲೆ ಬೇಕೆಂದರೆ ದಾಖಲೆಯನ್ನೇ ಚೆನ್ನಾಗಿ ಮಾಡೋಣ. ಸಭಾಂಗಣದ ಮಧ್ಯೆ ಒಂದು ಕ್ಯಾಮೆರಾ ಅಲ್ಲಾಡದಂತೆ ನಿಲ್ಲಿಸಿ, ತಲೆಯಿಂದ ಪಾದದವರೆಗೆ ಕಾಣುವಂತೆ ತೆಗೆಯಲಿ. ಭರತನಾಟ್ಯದಲ್ಲಿ ಪಾದ ಕತ್ತರಿಸಿದರೆ ಅರ್ಧ ನೃತ್ಯ ಹೋಯಿತು. ಇನ್ನೊಂದು ಕ್ಯಾಮೆರಾ ಮುಖಕ್ಕಿರಲಿ. ಎಲ್ಲರಿಗೂ ಅದನ್ನೇ ಹಂಚಿ. ಆಗ ಮೊಬೈಲುಗಳು ಕೆಳಗಿಳಿಯುತ್ತವೆ, ಮೈಸೂರಿನ ಅಜ್ಜಿಗೆ ಮುಖ ಕಾಣುತ್ತದೆ, ಮಗುವಿಗೆ ಅಪ್ಪ ಅಮ್ಮನ ಕಣ್ಣು ಕಾಣುತ್ತದೆ.

ಕ್ಯಾಮೆರಾಕ್ಕಾಗಿ ನೃತ್ಯ ಬೇಕೆಂದರೆ ಅದನ್ನು ಹದಿಹರೆಯದವರ ಕೈಗೆ ಕೊಡಿ. ಅವರ ಹತ್ತಿರ ಫೋನಿದೆ, ಸಂಕಲನ ಬರುತ್ತದೆ. ಮನೆ ಹಿಂದಿನ ಪಾರ್ಕಿನಲ್ಲಿ ಎತ್ತಿದ ಕಾಲನ್ನು ಊರಿನ ಅಜ್ಜನ ಮನೆಯ ಜಗುಲಿಯಲ್ಲಿ ಇಳಿಸಲಿ. ಮಾಯಾ ಡೆರೆನ್ ಮೂರು ನಿಮಿಷದೊಳಗೆ ಮಾಡಿದ್ದನ್ನು ಬೇಸಿಗೆ ರಜೆಯಲ್ಲಿ ಊರಿಗೆ ಹೋದ ನಮ್ಮ ಮಕ್ಕಳೂ ಮಾಡಬಹುದು. ಅದನ್ನು ಪರದೆಯ ಮೇಲೆ ದೀಪ ಆರಿಸಿ, ಸಿನಿಮಾದ ಹಾಗೆಯೇ ತೋರಿಸೋಣ.

ವೇದಿಕೆಯ ಮೇಲೆ ಎರಡೂ ಬೇಕೆಂದರೆ ಮೇಲಿನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಉತ್ತರ ಸಿಗದಿದ್ದರೆ ಕಪ್ಪು ಪರದೆ ಇಳಿಬಿಟ್ಟು ಒಳ್ಳೆಯ ದೀಪ ಹಾಕಿಸೋಣ. ಉಳಿದ ದುಡ್ಡಿನಲ್ಲಿ ವರ್ಷಕ್ಕೊಂದು ಸಲವಾದರೂ ಹಾಡುವವರನ್ನು, ಮೃದಂಗದವರನ್ನು ಕರೆಸೋಣ.

ಕೊನೆಗೆ ಒಂದು ಮಾತು. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ ಮತ್ತು ನಿರ್ದೇಶಕ ವಿಮ್ ವೆಂಡರ್ಸ್ ಸೇರಿ ಸಿನಿಮಾ ಮಾಡುವ ಮಾತು ವರ್ಷಗಟ್ಟಲೆ ನಡೆದಿತ್ತು. ತ್ರೀಡಿ ತಂತ್ರಜ್ಞಾನ ಬಂದ ಮೇಲೆ ಕೊನೆಗೂ ತಯಾರಿ ಶುರುವಾಯಿತು. ಇನ್ನೇನು ಪ್ರಾಯೋಗಿಕ ಚಿತ್ರೀಕರಣ ಆಗಬೇಕು ಅನ್ನುವಷ್ಟರಲ್ಲಿ, 2009ರ ಜೂನ್ 30ರಂದು ಪೀನಾ ತೀರಿಕೊಂಡರು. ವೆಂಡರ್ಸ್ ಕೈಬಿಟ್ಟರು. ಆಕೆಯ ನರ್ತಕರೇ ಮುಂದೆ ಬಂದ ಮೇಲೆ 2011ರಲ್ಲಿ 'ಪೀನಾ' ಸಿನಿಮಾ ಬಂತು. ಅದರಲ್ಲಿ ನಾವು ಪೀನಾ ಅವರನ್ನು ನೋಡುವುದು ಬಹುಪಾಲು ಆಕೆ ಕಲಿಸಿದ ನರ್ತಕರ ಮೈಗಳಲ್ಲಿ. ಸಿನಿಮಾ ಉಳಿಸಿಕೊಟ್ಟಿದೆ ನಿಜ, ಆದರೆ ಉಳಿಸಲು ಏನಾದರೂ ಇದ್ದದ್ದು ಆಕೆ ಮನುಷ್ಯರಿಂದ ಮನುಷ್ಯರಿಗೆ ದಾಟಿಸಿದ್ದರಿಂದ.

ನಮ್ಮ ಮಕ್ಕಳಿಗೂ ಅಷ್ಟೇ. ಪರದೆ ಬಾಡಿಗೆಗೆ ಎಲ್ಲೆಡೆ ಸಿಗುತ್ತದೆ. ಹಾಡು ನಿಲ್ಲಿಸಿ ಕಾಯುವ ಮೃದಂಗದವರು, ಮೊಬೈಲ್ ಇಳಿಸಿ ನೋಡುವ ಸಭೆ, ಅವನ್ನು ನಾವೇ ಒದಗಿಸಬೇಕು. ಮುಂದಿನ ಸಮಿತಿ ಸಭೆಯಲ್ಲಿ ಈ ವಿಷಯ ಬಂದಾಗ ನೀವೂ ಒಂದು ಮಾತಾಡಿ. ಏನಂತೀರಿ?